ಪುರುಡು ಮುಗಿಯುವ ಮೊದಲು

ನಾಮಕರಣಕ್ಕೆ ಕರೆದರೆ ನಾನು ಹೋಗುವುದಿಲ್ಲ. ಹೊಟ್ಟೆಕಿಚ್ಚು ಎಂದು ಹಿಂದಿನಿಂದ ಆಡಿಕೊಳ್ಳುವವರು ಆಡಿಕೊಳ್ಳಲಿ, ಅದರಲ್ಲಿ ಸ್ವಲ್ಪ ನಿಜವೂ ಇದೆ. ಗಂಡ ಒಬ್ಬನೇ ಗಿಫ್ಟ್ ಕಾರ್ಡ್ ಹಿಡಿದು ಹೋಗಿ, ಊಟ ಮಾಡಿಕೊಂಡು ಬರುತ್ತಾನೆ. ಮಗುವಿಗೆ ಏನು ಹೆಸರಿಟ್ಟರು ಎಂದು ನಾನು ಕೇಳುವುದಿಲ್ಲ, ಅವನೂ ಹೇಳುವುದಿಲ್ಲ.

ಹಾಗೆ ನೋಡಿದರೆ ನಾನು ಕಂಡ ಅತ್ಯಂತ ಖುಷಿಯ ಶಾಸ್ತ್ರವೆಂದರೆ ಗಂಡನ ಮನೆಯವರು ಹೆಸರಿಡುವ ಶಾಸ್ತ್ರವೇ. ನಾನು ಮೈಸೂರಿನವಳು. ನಮ್ಮಲ್ಲಿ ಅಕ್ಕಿಯ ಮೇಲೆ ಹೆಸರು ಬರೆದು, ಕಿವಿಯಲ್ಲಿ ಮೆಲ್ಲಗೆ ಹೇಳಿ, ಊಟಕ್ಕೆ ಎದ್ದುಬಿಡುತ್ತಾರೆ. ಗಂಡನ ಮನೆ ಧಾರವಾಡದ್ದು. ಮದುವೆಯಾದ ಹೊಸದರಲ್ಲಿ ಮೈದುನನ ಮಗನನ್ನು ತೊಟ್ಟಿಲಿಗೆ ಹಾಕಿದಾಗ ನೋಡಿದೆ. ಮಗುವಿನ ಸೋದರತ್ತೆ, ಅಂದರೆ ನನ್ನ ನಾದಿನಿ, ತೊಟ್ಟಿಲಿನ ಮೇಲೆ ಬಗ್ಗಿ ಅದರ ಕಿವಿಯಲ್ಲಿ ‘ಕುರ್ರ್’ ಎಂದು ಹೆಸರು ಹೇಳುವಷ್ಟರಲ್ಲಿ ಸುತ್ತ ನಿಂತ ಹೆಂಗಸರೆಲ್ಲ ಅವಳ ಬೆನ್ನಿಗೆ ದಬದಬ ಗುದ್ದತೊಡಗಿದರು. ಅವಳು ಕಿರುಚುತ್ತಲೇ ನಗುತ್ತಿದ್ದಳು. ನಾನು ಹೊಸ ಸೊಸೆ, ಹೆದರಿಕೊಂಡು ಬೆನ್ನು ಮುಟ್ಟಿದ ಶಾಸ್ತ್ರ ಮಾಡಿದೆ. ಅತ್ತೆ ಬಿಡಲಿಲ್ಲ.

“ಹಂಗ್ ಸವರ್ತಾರೇನು? ಹೊಡೀವಾ, ಜೋರ್ ಹೊಡಿ!”

ನನ್ನ ಮಗಳ ಹೃದಯದ ಎಡಭಾಗ ಬೆಳೆದಿಲ್ಲವೆಂದು ಐದನೇ ತಿಂಗಳ ಸ್ಕ್ಯಾನಿನಲ್ಲೇ ಗೊತ್ತಾಗಿತ್ತು. ಹುಟ್ಟಿದ ವಾರದೊಳಗೆ ಮೊದಲ ಆಪರೇಷನ್, ಬೆಳೆಯುತ್ತ ಹೋದಂತೆ ಇನ್ನೆರಡು ಎಂದು ಡಾಕ್ಟರು ಚಿತ್ರ ಬರೆದು ತೋರಿಸಿದ್ದರು. ಗಂಡ ಆ ಚಿತ್ರವನ್ನು ಮಡಚಿ ತಂದು ದೇವರ ಮುಂದೆ ಇಟ್ಟ. ಅಮೆರಿಕದಲ್ಲಿ, ಹ್ಯಾರಿಸನ್‌ನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ದೇವರಮನೆ ಎಂದರೆ ಅಡುಗೆಮನೆಯ ಕಪಾಟಿನ ಒಂದು ಖಾನೆ. ಅಂದಿನಿಂದ ಅವನು ಸೋಮವಾರ ಊಟ ಬಿಟ್ಟ. ಬಾಣಂತನಕ್ಕೆಂದು ಬಂದ ಅತ್ತೆ ಎರಡು ಹೊತ್ತೂ ದೀಪ ಹಚ್ಚಿದರು. ಸ್ಮೋಕ್ ಅಲಾರ್ಮ್ ಕೂಗದಿರಲೆಂದು ಊದುಬತ್ತಿಯನ್ನು ಕಿಟಕಿಯ ಹೊರಗೆ ಹಿಡಿದು ಬೆಳಗುತ್ತಿದ್ದರು. ಅವರಿಬ್ಬರ ಭಕ್ತಿಯನ್ನು ನಾನು ಗೇಲಿ ಮಾಡುತ್ತಿದ್ದೆ, ಆದರೆ ನಿಲ್ಲಿಸಿ ಎಂದು ಮಾತ್ರ ಒಮ್ಮೆಯೂ ಹೇಳಲಿಲ್ಲ.

ಮಗಳು ಹುಟ್ಟಿದಳು. ಅವಳ ಅಳು ನನಗೆ ಒಂದೇ ಸಲ ಕೇಳಿಸಿತು, ಆಮೇಲೆ ಅವಳನ್ನು ಐಸಿಯುಗೆ ಒಯ್ದರು. ಅದೇ ಸಂಜೆಯಿಂದ ಮನೆಯಲ್ಲಿ ದೀಪವೂ ನಿಂತಿತು. ಹುಟ್ಟಿನ ಮೈಲಿಗೆ. ನಾವು ಪುರುಡು ಎನ್ನುತ್ತೇವೆ, ಅತ್ತೆ ವೃದ್ಧಿ ಎನ್ನುತ್ತಾರೆ. ಹತ್ತು ದಿನ ಮನೆಯವರು ಯಾರೂ ದೇವರನ್ನು ಮುಟ್ಟುವಂತಿಲ್ಲ, ದೇವಸ್ಥಾನದ ಮೆಟ್ಟಿಲು ಹತ್ತುವಂತಿಲ್ಲ. ಹನ್ನೊಂದನೆಯ ದಿನ ಪುಣ್ಯಾಹ, ಆಮೇಲೆಯೇ ಹೆಸರು. ಕೈಮುಗಿಯಲೇಬೇಕಾದ ಹೊತ್ತಿಗೆ ಸರಿಯಾಗಿ ಕೈಮುಗಿಯಬೇಡಿ ಎನ್ನುವ ಶಾಸ್ತ್ರವನ್ನು ಯಾವ ಪುಣ್ಯಾತ್ಮ ಬರೆದನೋ, ಅವನಿಗೆ ಮಕ್ಕಳಿರಲಿಲ್ಲ ಎಂದು ಕಾಣುತ್ತದೆ.

ಆಪರೇಷನ್ನಿನ ಹಿಂದಿನ ದಿನ ಗಂಡ ಬೆಳಿಗ್ಗೆಯೇ ಕಾರು ತೆಗೆದುಕೊಂಡು ಹೋದವನು ಮಧ್ಯಾಹ್ನ ಆಸ್ಪತ್ರೆಗೆ ಬಂದ. ರಾಬಿನ್ಸ್‌ವಿಲ್‌ನ ದೇವಸ್ಥಾನಕ್ಕೆ ಹೋಗಿದ್ದನಂತೆ.

“ಒಳಗೆ ಹೋದ್ಯಾ?”

“ಇಲ್ಲ. ವೃದ್ಧಿ ಅದ ಅಲ್ಲ. ಪಾರ್ಕಿಂಗ್ ಲಾಟಿನಾಗ ನಿಂತಿದ್ದೆ.”

“ಅಷ್ಟು ದೂರ ಡ್ರೈವ್ ಮಾಡಿ ಪಾರ್ಕಿಂಗ್ ಲಾಟ್ ನೋಡ್ಕೊಂಡ್ ಬಂದ್ಯಾ?”

“ಶಿಖರ ಕಾಣಸ್ತಿತ್ತು.”

ನಗಬೇಕೋ, ಅವನ ಕೊರಳಪಟ್ಟಿ ಹಿಡಿಯಬೇಕೋ ತಿಳಿಯಲಿಲ್ಲ. ಸಿಸೇರಿಯನ್ ಹೊಲಿಗೆ ಎಳೆಯುತ್ತಿದ್ದುದರಿಂದ ಎರಡೂ ಆಗಲಿಲ್ಲ.

ಮಗಳ ತೊಟ್ಟಿಲಿನ ತಲೆಯ ಕಡೆ ಒಂದು ಕಾರ್ಡ್ ಅಂಟಿಸಿದ್ದರು. ಅದರ ಮೇಲೆ ‘ಬೇಬಿ ಗರ್ಲ್’, ಪಕ್ಕದಲ್ಲಿ ನಮ್ಮ ಮನೆತನದ ಹೆಸರು. ನರ್ಸ್ ಬಂದಾಗಲೆಲ್ಲ ಹೆಸರು ನಿಶ್ಚಯವಾಯಿತೇ ಎಂದು ಕೇಳುತ್ತಿದ್ದಳು. ನಿಶ್ಚಯವಾಗಿ ಎಷ್ಟೋ ಕಾಲವಾಗಿತ್ತು, ಮೂವರೂ ಜಗಳವಾಡಿ ಒಂದನ್ನು ಒಪ್ಪಿದ್ದೆವು. ಆದರೆ ಬಾಯಿಬಿಟ್ಟು ಕರೆಯುವಂತಿರಲಿಲ್ಲ. ನರ್ಸ್ ಕೇಳಿ ಕೇಳಿ ಸಾಕಾಗಿ ತಾನೇ ‘ಪೀನಟ್’ ಎಂದು ಕರೆಯತೊಡಗಿದಳು. ಪ್ರೀತಿಯಿಂದಲೇ ಕರೆದಳು, ನನಗೆ ಮಾತ್ರ ಅಳು ನುಗ್ಗಿ ಬಂತು. ಮನೆಗೆ ಫೋನ್ ಮಾಡಿ ಅತ್ತೆಯ ಮೇಲೆ ಹಾರಾಡಿದೆ.

“ನಿಮ್ಮ ಮೊಮ್ಮಗಳನ್ನ ಇಲ್ಲಿ ಕಡಲೆಕಾಯಿ ಅಂತ ಕರೀತಿದಾರೆ ಅತ್ತೆ. ನಾಳೆ ಎದೆ ಕುಯ್ತಾರೆ. ಹೆಸರಿಲ್ಲದೆ ಹೇಗೆ ಒಳಗೆ ಕಳಿಸಲಿ?”



“ಶೇಂಗಾ ಅಂತಾರ? ಅನ್ಲಿ ಬಿಡವಾ, ಚಲೋನ ಆತು. ನಮ್ಮ ಕಡೆ ಕೂಸು ಉಳೀಲಿ ಅಂತ ತಿಪ್ಪ್ಯಾ, ಕಲ್ಲ್ಯಾ ಅಂತ ಕರೀತಿದ್ರು, ಯಮಗ ಗುರ್ತು ಸಿಗಬಾರದು ಅಂತ. ಹೆಸರಿಟ್ರ ಅವಗ ಕರ್ಯಾಕ ಸಸಾರ ಆಗ್ತದ. ತಡಿ ಸ್ವಲ್ಪ.”

ಇಷ್ಟು ಓದಿದ ನಾನು, ಕೋಡ್ ಬರೆದು ಸಂಬಳ ಎಣಿಸುವ ನಾನು, ಆ ಮಾತನ್ನು ನಂಬಿದೆ. ನಂಬದೆ ಕೈಯಲ್ಲಿ ಬೇರೇನಿತ್ತು? ಹಾಲು ತೆಗೆಯುವ ಕೋಣೆಯಲ್ಲಿ ಕುಳಿತು, ಪುರುಡು ಗಿರುಡು ನೋಡದೆ, ಪಂಪಿನ ಸದ್ದಿನ ಜೊತೆ ಬಾಯಿಗೆ ಬಂದ ಶ್ಲೋಕಗಳನ್ನೆಲ್ಲ ಹೇಳಿಕೊಂಡೆ. ಮರುದಿನ ಆಪರೇಷನ್ ಕೋಣೆಯ ಬಾಗಿಲಿನವರೆಗೆ ಮಗಳ ಪಕ್ಕದಲ್ಲಿ ನಡೆದು ಹೋದೆ. ಹೆಸರು ನಾಲಿಗೆಯ ತುದಿಯಲ್ಲಿತ್ತು. ನುಂಗಿಕೊಂಡು “ಹೋಗಿ ಬಾ ಶೇಂಗಾ” ಎಂದೆ.

ಕೊಯ್ದು ಜೋಡಿಸುವ ಕೆಲಸವೆಲ್ಲ ಸರಿಯಾಗಿಯೇ ಆಯಿತಂತೆ. ಆದರೆ ಆಮೇಲೆ ಆ ಹೃದಯ ತನ್ನ ಕೆಲಸ ತಾನು ಮಾಡಲಿಲ್ಲ. ರಕ್ತವನ್ನು ಹೊರಗೆಳೆದು, ಆಮ್ಲಜನಕ ತುಂಬಿ, ಮತ್ತೆ ಮೈಗೆ ಕಳಿಸುವ ಯಂತ್ರಕ್ಕೆ ಹಾಕಿದರು. ಎದೆಯನ್ನು ಹೊಲಿದಿರಲಿಲ್ಲ, ಮೇಲೊಂದು ತೆಳುವಾದ ಹಾಳೆ ಮುಚ್ಚಿದ್ದರು. ಗಂಡ ಅವಳ ಪಾದದ ಹತ್ತಿರ ಸ್ಟೂಲ್ ಹಾಕಿಕೊಂಡು, ಎರಡೂ ಅಂಗೈಗಳನ್ನು ಮೊಣಕಾಲಿನ ಮೇಲೆ ಬೇರೆ ಬೇರೆ ಇಟ್ಟು ಕೂತಿರುತ್ತಿದ್ದ. ತುಟಿ ಕೂಡ ಅಲ್ಲಾಡುತ್ತಿರಲಿಲ್ಲ. ಇಷ್ಟು ನಿಷ್ಠೆಯಿಂದ ಪ್ರಾರ್ಥನೆ ಮಾಡದೆ ಇದ್ದ ಇನ್ನೊಬ್ಬನನ್ನು ನಾನು ಕಂಡಿಲ್ಲ.

ಒಂಬತ್ತನೆಯ ದಿನ ಡಾಕ್ಟರು ನಮ್ಮಿಬ್ಬರನ್ನು ಒಂದು ಸಣ್ಣ ಕೋಣೆಗೆ ಕರೆದರು. ಮೇಜಿನ ಮಧ್ಯೆ ಟಿಶ್ಯೂ ಡಬ್ಬ ಮಾತ್ರ ಇತ್ತು, ಅದನ್ನು ನೋಡಿದಾಗಲೇ ನನಗೆ ತಿಳಿಯಿತು. ಮೆದುಳಿನಲ್ಲಿ ರಕ್ತ ಸೋರಿದೆ, ಯಂತ್ರ ಮುಂದುವರಿಸಿ ಪ್ರಯೋಜನವಿಲ್ಲ ಎಂದರು. ಸಂಜೆಯವರೆಗೆ ಅವಳ ಜೊತೆ ಇರಿ, ಮನೆಯವರು ಯಾರಾದರೂ ಬರುವುದಿದ್ದರೆ ಬರಲಿ ಎಂದರು. ಅವರು ಎದ್ದು ಹೋದ ಮೇಲೆ, ಇನ್ನೆರಡು ದಿನ ನಡೆಸಲು ಕೇಳಲೇ ಎಂದ ಗಂಡ.

“ಯಾಕೆ, ಪುರುಡು ಮುಗೀಲಿ ಅಂತನಾ?” ಎಂದೆ.

ಅವನು ಮುಖ ಮುಚ್ಚಿಕೊಂಡ. ಹಾಗೆ ಕೇಳಬಾರದಿತ್ತು.

ಐಸಿಯುಗೆ ಅದುವರೆಗೆ ನಮ್ಮಿಬ್ಬರನ್ನಷ್ಟೇ ಬಿಡುತ್ತಿದ್ದರು. ಅತ್ತೆ ಮನೆಯಲ್ಲೇ ಕೂತು ನನಗೆ ಅಂಟಿನುಂಡೆ ಕಟ್ಟಿ ಕಳಿಸುತ್ತಿದ್ದರು. ಗಂಡ ಹೋಗಿ ಅವರನ್ನು ಕರೆತಂದ. ಅವರು ಮೊಣಕೈವರೆಗೆ ಕೈ ತೊಳೆದು, ಸೆರಗು ಸಿಕ್ಕಿಸಿಕೊಂಡು ಬಂದು, ಕೊಳವೆಗಳ ನಡುವೆ ಮೊಮ್ಮಗಳ ಮುಖ ಹುಡುಕಿದರು.

“ಮೂಗು ಅವರಪ್ಪಂದು,” ಎಂದರು.

ನಾನು ಜಗಳಕ್ಕೆ ಸಿದ್ಧಳಾಗಿಯೇ ನಿಂತಿದ್ದೆ. “ಹೆಸರಿಲ್ಲದೆ ನಾನಿವಳನ್ನ ಕಳ್ಸಲ್ಲ ಅತ್ತೆ.”

“ಕಳಸು ಅಂತ ಯಾರಂದ್ರು ನಿನಗ?”

“ಅವ್ವಾ, ವೃದ್ಧಿ ಇನ್ನೂ ಮುಗಿದಿಲ್ಲ. ಕಿವ್ಯಾಗ ಹೇಳಲಿಕ್ಕೆ ತಂಗೀನೂ ಇಲ್ಲ,” ಎಂದ ಗಂಡ.

“ನಾನ ಹೇಳ್ತೀನಿ. ತಿಳಕೊಂಡ್ರ ದೇವರು. ಇಲ್ಲಂದ್ರ ಬಿಡು ಅವನ್ನ.”

ನಾನು ಕಂಡಂತೆ ಅಲ್ಲಿಯವರೆಗೆ ಒಂದು ಶಾಸ್ತ್ರವನ್ನೂ ಮುರಿಯದ ಹೆಂಗಸು. ಅವರ ಬಾಯಲ್ಲಿ ಈ ಮಾತು ಕೇಳಿ ನನಗೆ ಧೈರ್ಯ ಬರಲಿಲ್ಲ, ಭಯವಾಯಿತು. ಮಗಳು ಉಳಿಯುವುದಿಲ್ಲ ಎಂದು ನಾನು ನಿಜವಾಗಿ ನಂಬಿದ್ದು ಆಗಲೇ, ಡಾಕ್ಟರು ಹೇಳಿದಾಗ ಅಲ್ಲ.

ನರ್ಸ್ ತಂತಿಗಳನ್ನು ಸರಿಸಿ ದಾರಿ ಮಾಡಿಕೊಟ್ಟಳು. ತೊಟ್ಟಿಲು ಅಲ್ಲಾಡದಿರಲೆಂದು ಅತ್ತೆ ಅದರ ಕಂಬಿ ಮುಟ್ಟದೆ, ತಮ್ಮ ಮೊಣಕಾಲನ್ನೇ ಗಟ್ಟಿಯಾಗಿ ಹಿಡಿದು ಬಗ್ಗಿದರು. ಟೇಪಿನ ಅಂಚಿನಲ್ಲಿ ಕಿವಿ ಚೂರೇ ಚೂರು ಕಾಣುತ್ತಿತ್ತು. “ಕುರ್ರ್” ಎಂದರು, ಹೆಸರು ಹೇಳಿದರು. ಇನ್ನೊಮ್ಮೆ “ಕುರ್ರ್” ಎಂದು ಒಂದು ಹೆಜ್ಜೆ ಹಿಂದೆ ಸರಿದರು. ಬಗ್ಗಿದ ಬೆನ್ನನ್ನು ಎತ್ತಲಿಲ್ಲ.

“ಹೊಡೀವಾ,” ಎಂದರು.

ನಾನು ಅವರ ಬೆನ್ನ ಮೇಲೆ ಕೈ ಇಟ್ಟೆ.

“ಹಂಗ್ ಸವರ್ತಾರೇನು?”

ಆಗ ಹೊಡೆದೆ. ಮುಷ್ಟಿ ಕಟ್ಟಿ ಹೊಡೆದೆ. ಗಂಡನೂ ಬಂದು ಹೊಡೆದ. ನರ್ಸ್ ಗಾಬರಿಯಿಂದ ಮುಂದೆ ಬಂದವಳು ಅತ್ತೆಯ ಮುಖ ನೋಡಿ ಅಲ್ಲೇ ನಿಂತಳು. ಅತ್ತೆ “ಇನ್ನಾ ಜೋರ, ಇನ್ನಾ ಜೋರ” ಎನ್ನುತ್ತಲೇ ಇದ್ದರು, ನಾನು ಕೈ ಸೋಲುವವರೆಗೆ ಹೊಡೆದೆ.

ಆಮೇಲೆ ನರ್ಸ್ ಹಳೆಯ ಕಾರ್ಡ್ ಕಿತ್ತು, ಹೊಸದೊಂದನ್ನು ತಂದು ಸ್ಪೆಲಿಂಗ್ ಕೇಳಿದಳು. ಒಂದೊಂದೇ ಅಕ್ಷರ ನಾನೇ ಹೇಳಿದೆ. ಅವಳು ಅದನ್ನು ದೊಡ್ಡದಾಗಿ ಬರೆದು ತೊಟ್ಟಿಲಿಗೆ ಅಂಟಿಸಿದ ಮೇಲೆ ಯಂತ್ರ ನಿಲ್ಲಿಸಿದರು.