ಊರೇ ಎದ್ದು ಅಣ್ಣನ ಬಳಿಗೆ ಬಂದ ಮಂಗಳವಾರ

ಅಣ್ಣ ಕೆಲಸಕ್ಕಿದ್ದ ಸೂರತ್ ಪಟ್ಟಣದಲ್ಲಿ ಪ್ಲೇಗ್ ಬಂದಿದೆ ಎಂದು ರೇಡಿಯೋ ಹೇಳಿದ್ದು 1994ರ ಸೆಪ್ಟೆಂಬರ್ 23, ಶುಕ್ರವಾರ ಸಂಜೆ. ನಾನು ರೊಟ್ಟಿ ಬಡಿಯುತ್ತಿದ್ದೆ. ಏಳನೆಯ ತರಗತಿಯಿಂದಲೂ ನನಗೆ ದಿನಚರಿ ಬರೆಯುವ ರೂಢಿ. ಬಸ್ಸು ಬಂದ ಹೊತ್ತು, ಬಿದ್ದ ಮಳೆ, ಎಮ್ಮೆ ಕೊಟ್ಟ ಹಾಲು, ಎಲ್ಲವೂ ಅದರಲ್ಲಿರುತ್ತದೆ. ಆ ದಿನ ಮಾತ್ರ ಒಂದೇ ಸಾಲು ಬರೆದೆ: ಲಕ್ಕವ್ವ ತಾಯಿ, ಅಣ್ಣನನ್ನು ಕಾಯಿ.

ಲಕ್ಕವ್ವ ನಮ್ಮ ಊರ ದೇವಿ. ಅವಳನ್ನು ನಂಬಿದ ನಿಮಗೆಲ್ಲ ಇದನ್ನು ತಿಳಿಸದೆ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ.

ಅಣ್ಣ ಬಸವರಾಜ ಸೀರೆ ನೇಯುವ ಗಿರಣಿಗೆ ಸೇರಿ ಒಂದು ವರ್ಷವಾಗಿತ್ತು. ಅವನ ಹೆಂಡತಿ, ನಮ್ಮ ಸುಮಿತ್ರಾ ವೈನಿ, ಮೂರು ತಿಂಗಳ ಹಿಂದೆ ಹೆತ್ತಿದ್ದಳು. ಮಗಳ ಮುಖವನ್ನು ಅಣ್ಣ ಇನ್ನೂ ನೋಡಿರಲಿಲ್ಲ. ಹೊರದೇಶಗಳು ನಮ್ಮ ವಿಮಾನಗಳನ್ನೇ ಬರಬೇಡಿ ಎನ್ನುತ್ತಿವೆ ಎಂದು ರೇಡಿಯೋದಲ್ಲಿ ಕೇಳಿ ವೈನಿ, "ವಿಮಾನಾನ ಬ್ಯಾಡ ಅಂದ್ರ, ಮನಿಷಾನ್ನ ಯಾರ ಹತ್ತರ ಸೇರಸ್ತಾರ?" ಎಂದಳು. ಅವಳ ಮಾತು ಮಂಗಳವಾರವೇ ನಿಜವಾಯಿತು.

ಅಂದು ಕಾಲೇಜು ಮುಗಿಸಿ ಹಾರೂಗೇರಿಯಲ್ಲಿ ಊರಿನ ಬಸ್ಸು ಹತ್ತಿದರೆ ಹಿಂದಿನ ಕಿಟಕಿಯ ಬಳಿ ಚಾದರ ಹೊದ್ದು ನಡುಗುತ್ತಾ ಕೂತವನು ನಮ್ಮಣ್ಣ. ಕುಡಚಿಯಲ್ಲಿ ರೈಲು ಇಳಿದು ಬಂದಿದ್ದ. ನಾನು ಮಾತಾಡಿಸುವ ಮೊದಲೇ ಕಂಡಕ್ಟರ್ ಕೇಳಿದ: "ಜ್ವರ ಬಂದಾವೇನ್ರಿ? ಎಲ್ಲಿಂದ ಬಂದ್ರಿ?" ಅಣ್ಣನಿಗೆ ಸುಳ್ಳು ಬಾರದು. "ಸೂರತ್‌ದಿಂದ್ರಿ" ಎಂದ. ಹಿಂದಿನ ಸೀಟುಗಳೆಲ್ಲ ಖಾಲಿಯಾದವು. ಮುಂದಿನ ಬಾಗಿಲಲ್ಲಿ ಜೋತುಬಿದ್ದವರಿಗಂತೂ ಲೆಕ್ಕವಿಲ್ಲ.

ಊರ ಹೆಬ್ಬಾಗಿಲಾದ ಅಗಸಿಯಲ್ಲಿ ಬಸ್ಸು ನಿಲ್ಲುವಷ್ಟರಲ್ಲಿ ಯಾರೋ ಜಿಗಿದು ಸುದ್ದಿ ಮುಟ್ಟಿಸಿದ್ದರು. ಊರ ಹಿರಿಯ ಭರಮಪ್ಪ ಕಾಕಾ ಕಟ್ಟೆಯಿಂದ ಎದ್ದು ಕೋಲು ಅಡ್ಡ ಹಿಡಿದರು.

"ತಮ್ಮಾ ಬಸೂ, ಅಲ್ಲೇ ನಿಂದರು. ಒಳಗ ಬರಬ್ಯಾಡ."

"ಕಾಕಾ, ಮಗಳನ್ನ ದೂರಿಂದ ನೋಡಿ ಹೊಳ್ಳತೀನ್ರಿ."

"ನಾ ಸಣ್ಣಾಂವ ಇದ್ದಾಗ ಇದ ರೋಗ ನಮ್ಮವ್ವನ್ನ ಒಯ್ದೈತಿ. ನಿನ್ನ ಮ್ಯಾಲ ಸಿಟ್ಟಿಲ್ಲೋ. ಅಂಜಿಕಿ ಐತಿ."

ಸುದ್ದಿ ಕೇಳಿ ಅಪ್ಪನೂ ಅಗಸಿಗೆ ಬಂದಿದ್ದ. ಹಳ್ಳದಾಚೆಯ ನಮ್ಮ ಹೊಲದ ಪತ್ರಾಸಿನ, ಅಂದರೆ ತಗಡಿನ, ಶೆಡ್ಡಿನ ಕೀಲಿಯನ್ನು ನೆಲದ ಮೇಲಿಟ್ಟು ಹಿಂದೆ ಸರಿದ. ಅಣ್ಣ ಬಗ್ಗಿ ಅದನ್ನು ಎತ್ತಿಕೊಂಡ.

ಮರುದಿನ ಆರೋಗ್ಯ ಕೇಂದ್ರದ ಮೌಲಾಸಾಬ ಸೈಕಲ್ಲಿನ ಮೇಲೆ ಬಂದ. ಬಾಯಿಗೆ ಟವೆಲ್ ಕಟ್ಟಿಕೊಂಡು ಅಣ್ಣನ ಬೆರಳು ಚುಚ್ಚಿ ಗಾಜಿನ ಮೇಲೆ ರಕ್ತ ಸವರಿಕೊಂಡ, ಸದ್ಯಕ್ಕೆ ಸಾದಾ ಜ್ವರದ ಗುಳಿಗೆ ಕೊಟ್ಟ. "ರಿಪೋರ್ಟ್ ಬರೂತನ ಯಾರೂ ಹತ್ತರ ಹೋಗಬ್ಯಾಡ್ರಿ" ಎಂದು ಹೇಳಿ ಹೋದ.

ಬುತ್ತಿ ಒಯ್ಯುವ ಕೆಲಸ ನನ್ನದಾಯಿತು. ಬದುವಿನ ಕಲ್ಲಿನ ಮೇಲೆ ಇಟ್ಟು ದೂರ ನಿಲ್ಲುತ್ತಿದ್ದೆ. ಅಣ್ಣ ಅಲ್ಲಿಂದಲೇ ಕೂಗುತ್ತಿದ್ದ: "ಕಸ್ತೂರಿ, ಪಲ್ಯಾಕ ಉಪ್ಪ ಹಾಕಾಕ ಹೇಳ ನಿಮ್ಮ ವೈನಿಗಿ. ಪ್ಲೇಗ ಬಂದ್ರೂ ನಾಲಿಗಿ ಸತ್ತಿಲ್ಲ."

"ಹೇಳತೀನಿ. ಉಂಡ ಮಲ್ಕೋ."

"ಮಗಳ ಯಾರಂಗ ಅದಾಳ?"

"ನಿನ್ನಂಗ. ಮೂಗ ಬದನಿಕಾಯಿ."

ಅವನು ನಗುತ್ತಿದ್ದ, ನಗುವಾಗಲೇ ನಡುಕ ಬಂದು ಕುಸಿಯುತ್ತಿದ್ದ. ಸಂಜೆ ವೈನಿ ಮಾಳಿಗೆ ಹತ್ತಿ ಕೂಸನ್ನು ಎರಡೂ ಕೈಯಿಂದ ಎತ್ತಿ ಹೊಲದ ಕಡೆಗೆ ಹಿಡಿಯುತ್ತಿದ್ದಳು. ದೂರದಲ್ಲಿ ಬಿಳಿ ಟವೆಲ್ ಅಲುಗುತ್ತಿತ್ತು. ಭಾನುವಾರ ಅದು ಅಲುಗಲಿಲ್ಲ. ಅಪ್ಪ ಬದುವಿನವರೆಗೆ ಓಡಿ ಹೋಗಿ ಬಂದು, "ಉಸಿರ ಐತಿ, ಎದ್ದ ಕುಂದ್ರಾಕ ಆಗವಲ್ದು" ಎಂದ. ವೈನಿ ಆ ರಾತ್ರಿ ಉಣ್ಣಲಿಲ್ಲ.

ಅದೇ ದಿನ ಯಾರದೋ ಕಾಳು ತುಂಬುವ ಹಗೇವಿನಲ್ಲಿ ಸತ್ತ ಇಲಿಗಳು ಸಿಕ್ಕವು. ಊರು ಗಡಗಡ ನಡುಗಿತು. ಭರಮಪ್ಪ ಕಾಕಾ ಡಂಗುರ ಸಾರಿಸಿದರು: ಐದು ಮಂಗಳವಾರ ವಾರ ಹಿಡಿಯಬೇಕು. ನಮ್ಮ ಕಡೆ ಜಡ್ಡು ಬಂದಾಗ ಹಿಡಿಯುವ ವ್ರತ ಅದು. ಸೂರ್ಯ ಹುಟ್ಟುವ ಮೊದಲು ಎಲ್ಲರೂ ದನಕರು ಸಮೇತ ಊರು ಬಿಡಬೇಕು. ಊರೊಳಗೆ ಒಲೆ ಹೊತ್ತಬಾರದು, ಕಸ ಗುಡಿಸಬಾರದು. ಖಾಲಿ ಓಣಿಗಳಲ್ಲಿ ಲಕ್ಕವ್ವ ಒಬ್ಬಳೇ ಅಡ್ಡಾಡಿ ರೋಗ ಓಡಿಸುತ್ತಾಳೆ. ಜನ ಹೊಲದಲ್ಲಿ ಉಂಡು, ದೀಪ ಹಚ್ಚುವ ಹೊತ್ತಿಗೆ ಹಿಂದಿರುಗಬೇಕು. ಅದಕ್ಕೆ ಮೊದಲು ಯಾರೂ ಅಗಸಿ ದಾಟುವಂತಿಲ್ಲ.

ಸೋಮವಾರ ಸಂಜೆ ನಾನು ಗುಡಿಗೆ ಹೋದೆ. "ಅವ್ವಾ, ಅಣ್ಣನನ್ನು ಊರೊಳಗೆ ಸೇರಿಸು. ಬೇರೇನೂ ಬೇಡ" ಎಂದು ಬೇಡಿದೆ. ಹೊರಬಂದಾಗ ಎದೆಯಲ್ಲಿ ಧೈರ್ಯವೇನೂ ಇರಲಿಲ್ಲ, ನಿಜ ಹೇಳುತ್ತೇನೆ. ಊರಿನ ಹಿರಿಯರೇ ಒಪ್ಪದಿದ್ದಾಗ ಕಲ್ಲಿನ ದೇವಿ ಹೇಗೆ ಕರೆತಂದಾಳು ಎನ್ನಿಸಿತ್ತು.

ಅಕ್ಟೋಬರ್ 4, ಮಂಗಳವಾರ. ಇನ್ನೂ ಬೆಳಗಾಗದೆ ಊರು ಹೊರಟಿತು. ಗಡಿಗೆ, ಹಿಟ್ಟಿನ ಗಂಟು, ಆಡು, ಕೋಳಿ ಪುಟ್ಟಿ, ಕೂಸುಗಳು. ವಾರ ಹಿಡಿದಾಗ ಅವ್ವ ಮುಖ ಮಾಡಿದ ಮೂಡಲ ದಿಕ್ಕಿಗೇ ಹೋಗಬೇಕೆಂಬುದು ಪದ್ಧತಿ. ಹಳ್ಳ ದಾಟಿ ಬಯಲಿಗೆ ಬಂದಾಗ ಬೆಳಕು ಹರಿಯಿತು. ಎದುರಿಗೆ ನಮ್ಮ ಪತ್ರಾಸಿನ ಶೆಡ್ಡು.

"ಯವ್ವಾ, ಇದು ಬಸ್ಯಾನ ಹೊಲ ಅಲ್ಲೇನ?" ಎಂದು ಯಾರೋ ಅಂದದ್ದೇ ತಡ, ಇಡೀ ಊರು ನಿಂತಲ್ಲೇ ನಿಂತಿತು. ಮೂಡಲಕ್ಕೆ ಹೊರಟರೆ ಸಿಗುವುದು ಇದೇ ಹೊಲವೆಂದು ಇಲಿಯ ಅಂಜಿಕೆಯಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ, ದಿನಾ ಬುತ್ತಿ ಒಯ್ಯುತ್ತಿದ್ದ ನನಗೂ ಹೊಳೆದಿರಲಿಲ್ಲ.

ಊರಿಗೇ ಹಿರಿಯಳಾದ ದುಂಡವ್ವ ಅಜ್ಜಿ ಸೊಂಟದ ಮೇಲೆ ಕೈಯಿಟ್ಟು ಹೇಳಿದಳು: "ಮುಂದ ಪ್ಲೇಗು, ಹಿಂದ ದೇವಿ. ಭರಮ್ಯಾ, ಎಲ್ಲಿ ತಂದ ನಿಂದರಿಸಿದ್ಯೋ ನಮ್ಮನ್ನ?"

ಭರಮಪ್ಪ ಕಾಕಾ ತಲೆ ತುರಿಸಿಕೊಂಡರು. "ಹೊಳ್ಳಾಕಂತೂ ಬರಂಗಿಲ್ಲ ಅತ್ತಿ. ಆಚಿ ಬದುವಿಗೆ ಒಲಿ ಹೂಡ್ರಿ."

ಹಾಗೆ ದೂರದ ಬದುವಿಗೆ ಒಲೆಗಳು ಹತ್ತಿದವು. ಅಣ್ಣ ಬಾಗಿಲಿಗೆ ಒರಗಿ ನೋಡುತ್ತಿದ್ದ. ಇಷ್ಟು ದಿನ ಅವನಿಗೆ ಕೇಳದಿದ್ದ ಊರಿನ ಸದ್ದೆಲ್ಲ ಈಗ ಅವನ ಮುಂದಿತ್ತು. ನಾನು ಒಲೆಗೆ ಕಟ್ಟಿಗೆ ಒಡ್ಡುತ್ತಾ ಅವನನ್ನೇ ನೋಡುತ್ತಿದ್ದೆ. ಏನೋ ಆಗುತ್ತಿದೆ ಎಂದು ಆಗಲೇ ಅನ್ನಿಸತೊಡಗಿತ್ತು.

ಮಧ್ಯಾಹ್ನ ಹಸ್ತಾ ಮಳೆ ಬಂತು. ಮೊದಲು ಗಾಳಿ, ಆಮೇಲೆ ಚಟಚಟ ಆಲಿಕಲ್ಲು. ಚಕ್ಕಡಿ ಗಾಡಿಗಳ ಕೆಳಗೆ, ಬೇವಿನ ಮರದ ಕೆಳಗೆ ಸೇರಿಕೊಂಡವರು ಸೇರಿಕೊಂಡರು. ಹಸುಗೂಸಿನ ತಾಯಂದಿರು ಸೆರಗು ಮುಚ್ಚಿಕೊಂಡು ಬಯಲಲ್ಲೇ ಉಳಿದರು. ಸುತ್ತ ಕಣ್ಣಿಗೆ ಬೀಳುವ ಸೂರು ಒಂದೇ.

ಆಗ ಅಣ್ಣ ಗೋಡೆ ಹಿಡಿದು ಹೊರಗೆ ಬಂದ. ಚಾದರವನ್ನು ಬಾಯಿಗೆ ಸುತ್ತಿಕೊಂಡು ಮಳೆಯಲ್ಲಿ ಆಚೆ ಹೋಗಿ ನಿಂತು ಕೂಗಿದ: "ಕೂಸಗೋಳನ್ನ ಒಳಗ ಒಯ್ರಿ. ನಾ ಹೊರಗ ನಿಂದರ್ತೀನಿ."

ತಾಯಂದಿರು ಓಡಿದರು. ವೈನಿಯೂ ಓಡಿದಳು. ಅವನ ಪಕ್ಕದಿಂದಲೇ ಹಾದಳು, ಕೈ ಚಾಚಿದರೆ ಕೂಸು ಸಿಗುವಷ್ಟು ಹತ್ತಿರ. ಅಣ್ಣ ತಿರುಗಿ ನೋಡಲಿಲ್ಲ. ತನ್ನ ಉಸಿರು ತಾಕೀತೆಂದು ಮುಖ ಆಚೆ ತಿರುಗಿಸಿ ನಿಂತ. ಆಲಿಕಲ್ಲುಗಳು ಅವನ ತಲೆಯ ಮೇಲೆ ಬೀಳುತ್ತಿದ್ದವು.

ಮೊಮ್ಮಗನನ್ನು ಎತ್ತಿಕೊಂಡು ಬಂದ ಭರಮಪ್ಪ ಕಾಕಾ ಇದನ್ನು ನೋಡಿದರು. ಹುಡುಗನನ್ನು ಒಳಗೆ ತಳ್ಳಿ, ಕೋಲು ಬಿಸಾಡಿ, ಸೀದಾ ಹೋಗಿ ಅಣ್ಣನ ರಟ್ಟೆ ಹಿಡಿದರು.

"ನಡಿಯೋ ಒಳಗ."

"ಬ್ಯಾಡ್ರಿ ಕಾಕಾ, ನಿಮಗ ಹತ್ತೀತು."

"ಹತ್ತಲಿ. ಮನಿ ಯಜಮಾನನ್ನ ಮಳ್ಯಾಗ ನಿಂದರಿಸಿ ನಾ ಬೆಚ್ಚಗ ಕುಂತ್ರ ನಮ್ಮವ್ವ ಮ್ಯಾಲಿಂದ ಉಗಳ್ತಾಳ ನನಗ."

ಎಳೆದು ತಂದು ಬಾಗಿಲ ಬಳಿ ಕೂರಿಸಿ, ತಮ್ಮ ರುಮಾಲು ಬಿಚ್ಚಿ ಅವನ ತಲೆ ಒರೆಸಿದರು. ಒಬ್ಬರೂ ಎದ್ದು ಹೋಗಲಿಲ್ಲ. ನಾನು ಎಣಿಸಿದೆ, ಎಣಿಸದಿದ್ದರೆ ನನಗೆ ನಂಬಿಕೆಯೇ ಬರುತ್ತಿರಲಿಲ್ಲ: ನಲವತ್ತೊಂದು ಜನ, ಆರು ಆಡು, ಒಂದು ಹುಂಜ, ಎಲ್ಲ ನಮ್ಮಣ್ಣನ ಶೆಡ್ಡಿನೊಳಗೆ.

ಮಳೆ ನಿಲ್ಲುವ ಹೊತ್ತಿಗೆ ಕೆಸರಾದ ಸೈಕಲ್ಲು ನೂಕುತ್ತಾ ಮೌಲಾಸಾಬ ಬಂದ. ಮುಖ ಬಿಳಿಚಿಕೊಂಡಿತ್ತು.

"ಅಗಸಿಯಾಗ ನಿಂತ ಕೂಗಿ ಕೂಗಿ ಗಂಟಲ ಹರೀತ್ರಿ. ಒಂದ ನಾಯಿ ಸುದ್ದಾ ಇಲ್ಲ. ಊರ ಬಿಟ್ಟ ಓಡಿದ್ರಿ ಅಂದ್ಕೊಂಡೆ."

"ಬಸ್ಯಾನ ಮನಿಗೆ ಬೀಗರಾಗಿ ಬಂದೇವಿ" ಎಂದಳು ದುಂಡವ್ವ ಅಜ್ಜಿ. "ರಿಪೋರ್ಟ ಏನಂತೈತಿ ಹೇಳ ಮೊದಲ."

"ಪ್ಲೇಗ ಅಲ್ಲಬೇ ಅಜ್ಜಿ. ಮಲೇರಿಯಾ. ಅದರ ಗುಳಿಗಿ ತಂದೀನಿ. ಮನಷ್ಯಾರಿಂದ ಮನಷ್ಯಾರಿಗೆ ಹಂಗ ಹತ್ತಂಗಿಲ್ಲ, ಸೊಳ್ಳಿ ಕಡೀಬೇಕು."

ಅಪ್ಪ ಬಾಯಿಗೆ ಟವೆಲ್ ಒತ್ತಿಕೊಂಡು ಅತ್ತ. ವೈನಿ ಎದ್ದು, ಆಡುಗಳನ್ನು ದಾಟಿಕೊಂಡು ಬಂದು ಕೂಸನ್ನು ಅಣ್ಣನ ತೊಡೆಯ ಮೇಲಿಟ್ಟಳು. ಅಣ್ಣ ಬಹಳ ಹೊತ್ತು ನೋಡಿ, "ಕಸ್ತೂರಿ ಸುಳ್ಳ ಹೇಳ್ಯಾಳ. ಮೂಗ ಚೊಲೋ ಐತಿ" ಎಂದ.

ದೀಪ ಹಚ್ಚುವ ಹೊತ್ತಿಗೆ ಊರು ಹಿಂದಿರುಗಿತು. ಅಗಸಿಯಲ್ಲಿ ಎಲ್ಲರಿಗೂ ಬೇವಿನ ನೀರು ಚಿಮುಕಿಸಿದರು. ಎಲ್ಲರ ಜೊತೆ ಅಣ್ಣನಿಗೂ. ಅವನನ್ನು ಚಕ್ಕಡಿಯಲ್ಲಿ ಕೂರಿಸಿಕೊಂಡು ಬಂದವರು ಭರಮಪ್ಪ ಕಾಕಾ. ಯಾರೂ ಕೋಲು ಅಡ್ಡ ಹಿಡಿಯಲಿಲ್ಲ.

ಮಲೇರಿಯಾದ ಗುಳಿಗೆಯಿಂದ ಜ್ವರ ಇಳಿಯಿತು, ಒಪ್ಪುತ್ತೇನೆ. ಆದರೆ ಆ ಗುಳಿಗೆ ಬರುವ ಮೊದಲೇ, ವರದಿ ಬರುವ ಮೊದಲೇ, ರೋಗ ಇದ್ದರೂ ಇರಲಿ ಎಂದು ಕಾಕಾ ಅವನ ರಟ್ಟೆ ಹಿಡಿದರಲ್ಲ, ಅದು ಯಾವ ಔಷಧಿಯಿಂದಲೂ ಆದದ್ದಲ್ಲ. ಅಣ್ಣನಿಗೆ ಅಂಜಿ ಹಿಡಿದ ವಾರವೇ ಊರನ್ನು ಅವನ ಬಾಗಿಲಿಗೆ ಒಯ್ದಿತು. ನಾನು ಅವ್ವನಿಗೆ ದಾರಿ ತೋರಿಸಿ ಬೇಡಿದ್ದೆ, ಹೊರಗಿಂದ ಒಳಗೆ ಎಂದು. ಅವಳು ಮೊದಲು ಒಳಗಿದ್ದವರನ್ನೆಲ್ಲ ಹೊರಗೆ ಕರೆದಳು.

ಉಳಿದ ನಾಲ್ಕು ಮಂಗಳವಾರವೂ ಊರು ನಮ್ಮ ಹೊಲಕ್ಕೇ ಬಂತು. ಕೊನೆಯ ವಾರ ಅಣ್ಣನೇ ಎದ್ದು ಎಲ್ಲರಿಗೂ ಒಲೆಯ ಕಲ್ಲು ಹೂಡಿಕೊಟ್ಟ. ಆ ಕಲ್ಲುಗಳನ್ನು ನಾವು ತೆಗೆದಿಲ್ಲ. ಈಗ ಗುಡಿಗೆ ಹೋದರೆ ನಾನು ಯಾರಿಗಾಗಿ ಬೇಡುತ್ತೇನೋ ಅವರ ಹೆಸರು ಮಾತ್ರ ಹೇಳುತ್ತೇನೆ. ದಾರಿ ಅವಳಿಗೆ ಗೊತ್ತು.