ಪಕ್ಕದ ಮನೆಯ ಅಜ್ಜಿ ಮತ್ತು ಪಾಯದ ಮಣ್ಣು

ದೊಡ್ಡಬಳ್ಳಾಪುರದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಅಜ್ಜಿ ಏನನ್ನೂ ಬಿಸಾಡುತ್ತಿರಲಿಲ್ಲ. ಹರಿದ ಗೋಣಿಯಾಗಲಿ, ಒಡೆದ ಹೆಂಚಾಗಲಿ, ಸೆರಗಿನಿಂದ ಒರೆಸಿ, "ಇರ್ಲಿ ಬಿಡು, ಬೇಕಾಗ್ತದೆ" ಎಂದು ಒಳಗಿಡುತ್ತಿದ್ದಳು. ಯಾವುದೋ ಹಳೆಯ ಬೇಲಿ ಜಗಳದಿಂದಾಗಿ ಅವಳಿಗೂ ನಮ್ಮ ಅಪ್ಪನಿಗೂ ಮಾತಿರಲಿಲ್ಲ.

ಯುದ್ಧದಿಂದಾಗಿ ಎಲ್ಲಕ್ಕೂ ಅಭಾವವಿದ್ದ ವರ್ಷಗಳಲ್ಲಿ ಅಪ್ಪ ಮಗ್ಗದ ಮನೆ ಕಟ್ಟಿಸಲು ಪಾಯ ತೋಡಿಸಿದರು. ತೆಗೆದ ಮಣ್ಣನ್ನು ಕೆರೆಯ ಕಾಲುವೆಗೆ ಸುರಿಯಲು ಗಾಡಿ ಹೊರಟಾಗ ಅಜ್ಜಿ ಎತ್ತುಗಳ ಮುಂದೆ ಬಂದು ನಿಂತಳು. ಅಪ್ಪ ಅಲ್ಲೇ ಇದ್ದರೂ ಗಾಡಿಯವನಿಗೆ ಹೇಳಿದಳು: "ಕಾಲುವೆ ಮುಚ್ಚಿದ್ರೆ ಕೆರೆಗೆ ನೀರೆಲ್ಲಿಂದ ಬರ್ತದಪ್ಪಾ? ನಮ್ಮ ಹಿತ್ತಲಿಗೆ ಹಾಕು. ಬೇಕಾಗ್ತದೆ."

ಮೇಲ್ಮಣ್ಣನ್ನು ಅವರೆ ಪಾತಿಗೆ ಹರಡಿದಳು. ಅಡಿಯ ಜಿಗುಟು ಕೆಮ್ಮಣ್ಣನ್ನು ಗುಡ್ಡೆ ಮಾಡಿ ತೆಂಗಿನ ಗರಿ ಹೊದಿಸಿದಳು.

ಆ ಮಳೆಗಾಲದ ಒಂದು ಮಧ್ಯಾಹ್ನ ಅವಳ ಮನೆಯ ಮಣ್ಣಿನ ಹಿಂಗೋಡೆ ಧೊಪ್ಪನೆ ಕುಸಿಯಿತು. ಅಪ್ಪ ಚಪ್ಪಲಿಯನ್ನೂ ಮೆಟ್ಟದೆ ಓಡಿದರು. ಅಷ್ಟರಲ್ಲಿ ಅಜ್ಜಿ ಕೋಳಿಯೊಂದನ್ನು ಅವಚಿಕೊಂಡು ಮುಂಬಾಗಿಲಿನಿಂದ ಹೊರಬಂದಳು. "ಪಡಸಾಲೇಲಿದ್ದೆ. ಏನೂ ಆಗಿಲ್ಲ," ಎಂದು ಕೋಳಿಗೆ ಹೇಳುವಂತೆ ಹೇಳಿದಳು. ಅಪ್ಪ ನಿಟ್ಟುಸಿರು ಬಿಟ್ಟು ಅವಳ ಜಗಲಿಯ ಮೇಲೆಯೇ ಕುಳಿತುಬಿಟ್ಟರು.

ಮಳೆ ನಿಂತ ಮೇಲೆ ಅಪ್ಪ ಪಂಚೆ ಎತ್ತಿ ಕಟ್ಟಿ, ಹೊಸ ಗೋಡೆಗೆಂದು ಆ ಕೆಮ್ಮಣ್ಣನ್ನು ತುಳಿಯತೊಡಗಿದರು. ಅಜ್ಜಿ ಕೊಡದಲ್ಲಿ ನೀರು ತಂದು ಮಣ್ಣಿಗೆ ಹೊಯ್ಯುತ್ತಿದ್ದಳು. ಕೊನೆಗೆ ಅಪ್ಪನ ಮುಖ ನೋಡಿ ಕೇಳಿದಳು:

"ನೀರು ಸಾಕೇನಪ್ಪಾ?"

"ಇನ್ನೊಂಚೂರು ಹಾಕವ್ವಾ," ಎಂದರು ಅಪ್ಪ.