ಹರಿಯಲೆಂದೇ ಹೊಸೆದ ದಾರ

ನನ್ನ ಅಕ್ಕನ ಗಂಡ ನಂಗಲಿಯ ಹತ್ತಿರದ ಒಂದು ಕೆರೆಯಲ್ಲಿ ಮುಳುಗಿ ಸತ್ತಾಗ ನನಗೆ ಹದಿನಾರು ವರ್ಷ. ಅಕ್ಕನ ಬಾಣಂತನಕ್ಕೆ ಕೈಯಾಸರೆಯಾಗಲೆಂದು ನಾನು ಅವರ ಮನೆಯಲ್ಲಿದ್ದೆ. ಬೆಳಿಗ್ಗೆ ಗಾಳ ಹಾಕಲು ಹೋದ ಭಾವ ಮಧ್ಯಾಹ್ನ ಊಟಕ್ಕೆ ಬರಲಿಲ್ಲ. ಊರವರು ಅವರನ್ನು ನೀರಿನಿಂದೆತ್ತಿ ಏರಿಯ ಮೇಲೆ ಮಲಗಿಸಿದ ಸುದ್ದಿ ಬಂದಾಗ ಮನೆಯಿಂದ ಓಡಿದವಳು ನಾನೊಬ್ಬಳೇ. ಅಕ್ಕ ಹಸಿ ಬಾಣಂತಿ, ಹೊಸಿಲು ದಾಟುವ ಹಾಗಿರಲಿಲ್ಲ.

ಭಾವನ ಬಲಗೈಯ ಮಣಿಕಟ್ಟಿಗೆ ಗಾಳದ ದಾರ ನಾಲ್ಕು ಸುತ್ತು ಸುತ್ತಿಕೊಂಡಿತ್ತು. ಹತ್ತಿಯ ನೂಲನ್ನು ಹುರಿ ಹಾಕಿ ಎಣ್ಣೆ ಕುಡಿಸಿದ ದಪ್ಪ ದಾರ. ದೊಡ್ಡ ಮೀನು ಸಿಕ್ಕರೆ ಕೈಜಾರದಿರಲಿ ಎಂದು ಅವರೇ ಸುತ್ತಿಕೊಂಡಿರಬೇಕು. ಮೀನು ತೂಬಿನ ಕಡೆಯ ಆಳಕ್ಕೆ ಎಳೆದಿದೆ, ಪಾಚಿ ಹಿಡಿದ ಕಲ್ಲಿನ ಮೇಲೆ ಕಾಲು ಜಾರಿದೆ, ದಾರ ಬಿಗಿದಿದೆ. ಬಿಚ್ಚಲು ಬರಲಿಲ್ಲ. ಯಾರೋ ಕುಡುಗೋಲು ತಂದು ಕೊಯ್ದರು. ಕುಡುಗೋಲಿಗೂ ಅದು ಬೇಗ ಬಗ್ಗಲಿಲ್ಲ. ಎರಡು ಮೂರು ಸಲ ಉಜ್ಜಬೇಕಾಯಿತು. ಆ ಸದ್ದು ನನ್ನ ಕಿವಿಯಲ್ಲಿ ಉಳಿದುಹೋಯಿತು.

ಊರಿನ ಹಿರಿಯರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು, "ಕಾಲು ಜಾರಿ ಬಿದ್ರು ಅಂತ ಹೇಳಮ್ಮಾ, ಅಷ್ಟು ಸಾಕು. ಕೈಗೆ ದಾರ ಸುತ್ತಿದ್ದ ವಿಷಯ ಬಾಣಂತಿ ಕಿವಿಗೆ ಬೀಳೋದು ಬೇಡ" ಎಂದರು. ನಾನು ಯಾರಿಗೂ ಹೇಳಲಿಲ್ಲ.

ಎರಡು ವರ್ಷದ ಮೇಲೆ ನನ್ನ ಮದುವೆ ತಾಯಿಯ ತಮ್ಮನ ಜೊತೆ ಆಯಿತು. ನಮ್ಮಲ್ಲಿ ಸೋದರಮಾವನಿಗೆ ಹೆಣ್ಣು ಕೊಡುವುದು ವಾಡಿಕೆ. ಮಾತು ಕಲಿತಾಗಿನಿಂದ ಮಾವ ಎಂದು ಕರೆದವನನ್ನು ಗಂಡನಾದ ಮೇಲೂ ಮಾವ ಎಂದೇ ಕರೆದೆ. ಅವನ ತಾಯಿ ನನಗೆ ಅಜ್ಜಿಯೂ ಹೌದು, ಅತ್ತೆಯೂ ಹೌದು. ಮನೆ ಕ್ಯಾಲನೂರಿನ ಪಕ್ಕದ ಒಂದು ಹಳ್ಳಿಯಲ್ಲಿ. ಸ್ವಲ್ಪ ರಾಗಿ, ಸ್ವಲ್ಪ ಹಿಪ್ಪುನೇರಳೆ, ಹಿತ್ತಲಿನ ಚಪ್ಪರದಲ್ಲಿ ರೇಷ್ಮೆ ನೂಲು ತೆಗೆಯುವ ಒಂದು ಚರಕ. ಯುದ್ಧದ ಕಾಲ, ಪ್ಯಾರಾಚೂಟಿಗೆಂದು ನೂಲಿಗೆ ಗಿರಾಕಿ ಹೆಚ್ಚಿತ್ತು. ಒಲೆಯ ಮೇಲಿನ ಬಿಸಿನೀರಿನಲ್ಲಿ ಗೂಡುಗಳು ಕುಣಿಯುತ್ತಿದ್ದವು. ನಾನು ಎಳೆ ಹಿಡಿದು ಕೊಡುತ್ತಿದ್ದೆ, ಮಾವ ಚರಕ ತಿರುಗಿಸುತ್ತಿದ್ದ.

ಮಾವನಿಗೆ ಮೀನಿನ ಹುಚ್ಚು ಹಿಡಿದದ್ದು ಮದುವೆಯಾದ ವರ್ಷವೇ. ಮಾಲೂರಿನಲ್ಲಿದ್ದ ಅವನ ಗೆಳೆಯನೊಬ್ಬ ಚಿನ್ನದ ಗಣಿಯ ಇಂಗ್ಲಿಷ್ ದೊರೆಯೊಬ್ಬ ಕೊರಮೀನು ಹಿಡಿಯುವುದನ್ನು ನೋಡಿ ಬಂದು ಇವನ ತಲೆಗೆ ತುಂಬಿದ. ಕೊರಮೀನು ಜೊಂಡಿನ ನೆರಳಲ್ಲಿ ಅಡಗಿರುತ್ತದೆ. ತಲೆ ಹಾವಿನದರಂತೆ. ಮೇಲೆ ಹಾದುಹೋಗುವ ಕಪ್ಪೆಯನ್ನು ಒಂದೇ ನೆಗೆತಕ್ಕೆ ನುಂಗುತ್ತದೆ. ಮಾವ ಬೇಲಿಯಿಂದ ಒಂದು ಬಿದಿರು ಕಡಿದುಕೊಂಡು, ಸಂತೆಯ ಹತ್ತಿದಾರಕ್ಕೆ ಗಾಳ ಕಟ್ಟಿ ನಮ್ಮೂರ ಕೆರೆಗೆ ಹೋಗತೊಡಗಿದ. ಅವನಿಗೆ ಈಜು ಬರುತ್ತಿರಲಿಲ್ಲ.

ಸಂತೆಯ ದಾರ ನೀರಿನಲ್ಲಿ ನೆನೆದು ಕೊಳೆತು ಹರಿಯಿತು. ಮರುದಿನ ಚರಕ ತಿರುಗಿಸುತ್ತಲೇ ಅವನು ಕೇಳಿದ.

"ಲೇ, ನಮ್ಮನೇಲೇ ರೇಷ್ಮೆ ಇಟ್ಕೊಂಡು ನಾನ್ಯಾಕೆ ಸಂತೆ ದಾರ ನಂಬ್ಲಿ? ನೀನೇ ಒಂದು ಹೊಸೆದುಕೊಡೇ. ಸಣ್ಣಗಿರ್ಬೇಕು, ಮೀನಿನ ಕಣ್ಣಿಗೆ ಬೀಳ್ಬಾರ್ದು. ಆದ್ರೆ ಎಮ್ಮೆ ಕಟ್ಟಿದ್ರೂ ಹರೀಬಾರ್ದು."

ಕುದಿಯುವ ನೀರಿನ ಮೇಲೆ ಕೈಯಿಟ್ಟುಕೊಂಡೇ ನನಗೆ ಭಾವನ ಮಣಿಕಟ್ಟು ಕಣ್ಣ ಮುಂದೆ ಬಂತು.

ಹೊಸೆದುಕೊಟ್ಟೆ. ಇಲ್ಲವೆನ್ನಲು ಕಾರಣ ಹೇಳಬೇಕಿತ್ತು, ಕಾರಣ ಹೇಳಲು ಬಾಯಿ ಬರಲಿಲ್ಲ. ಹಿತ್ತಲಿನ ಎರಡು ಕಂಬಗಳ ನಡುವೆ ಎಳೆ ಹಾಸಿ, ಮೂರು ಹುರಿ ಸೇರಿಸಿ, ಜೇನುಮೇಣ ತೀಡಿದೆ. ಆದ ಮೇಲೆ ಎರಡೂ ಕೈಗೆ ಸುತ್ತಿಕೊಂಡು ಇದ್ದ ಬಲವನ್ನೆಲ್ಲ ಹಾಕಿ ಎಳೆದೆ. ದಾರ ಹರಿಯಲಿಲ್ಲ. ಅಂಗೈಯಲ್ಲಿ ಕೆಂಪು ಬರೆ ಎದ್ದಿತು.

ಗಾಳದ ಹತ್ತಿರದ ಒಂದು ಮಾರು ದಾರ ಜೊಂಡಿಗೆ ಉಜ್ಜಿ, ಮೀನಿನ ಹಲ್ಲಿಗೆ ಸಿಕ್ಕಿ ಬೇಗ ಸವೆಯುತ್ತದೆ. ಹಾಗಾಗಿ ಅದನ್ನು ಬೇರೆಯಾಗಿ ಹೊಸೆದು ತುದಿಗೆ ಕಟ್ಟುವುದು ರೂಢಿ. ಅಂಥ ತುದಿದಾರ ನಾಲ್ಕಾರು ಬೇಕೆಂದು ಮಾವ ಹೇಳಿದ್ದ. ಅವನು ನೂಲು ತೆಗೆದುಕೊಂಡು ಕೋಲಾರಕ್ಕೆ ಹೋದ ದಿನ ನಾನು ಒಲೆಯ ಮೇಲೆ ಬಟ್ಟೆಸೋಡಾ ಹಾಕಿದ ನೀರು ಇಟ್ಟೆ. ರೇಷ್ಮೆಯ ಅಂಟು ಬಿಡಿಸಲು ನಾವು ಸೋಡಾದಲ್ಲಿ ಕುದಿಸುವುದುಂಟು. ಹೊತ್ತು ಮೀರಿದರೆ ನೂಲು ಸಾಯುತ್ತದೆ. ಹೊರಗಿನ ಹೊಳಪು ಹಾಗೇ ಇರುತ್ತದೆ, ಒಳಗೆ ಬಲ ಇರುವುದಿಲ್ಲ. ಪ್ರತಿ ತುದಿದಾರದಲ್ಲೂ ಒಂದು ಗೇಣನ್ನು ಮಾತ್ರ ಸೋಡಾದಲ್ಲಿ ಮುಳುಗಿಸಿ, ನೂಲು ಸಾಯುವವರೆಗೂ ಬೇಯಿಸಿ, ಒಣಗಿಸಿ, ಮೇಲೆ ಮೇಣ ಹಚ್ಚಿಟ್ಟೆ. ಕಣ್ಣಿಗೆ ವ್ಯತ್ಯಾಸ ಕಾಣುತ್ತಿರಲಿಲ್ಲ.

ಮೊದಲ ಮೀನು ತಪ್ಪಿಸಿಕೊಂಡ ದಿನ ಮಾವ ನಗುತ್ತಲೇ ಬಂದ. "ಏನ್ ಮೀನೇ ಅದು! ನನ್ ತೊಡೆ ಗಾತ್ರ ಇತ್ತು. ಪಟ್ ಅಂತ ಹರ್ಕೊಂಡು ಹೋಯ್ತು." ನಾನೂ ನಕ್ಕೆ. ಅವನ ಮಣಿಕಟ್ಟನ್ನು ಕದ್ದು ನೋಡಿದೆ. ಅಲ್ಲಿ ಏನೂ ಇರಲಿಲ್ಲ.

ಎರಡನೆಯದು ಹೋಯಿತು, ಮೂರನೆಯದೂ ಹೋಯಿತು. ಮಾವ ಕೋಲಿನ ಮೇಲೆ ತಪ್ಪು ಹೊರಿಸಿದ. ಬೇಲಿಯ ಬಿದಿರು ಬಗ್ಗುವುದಿಲ್ಲ, ಮೀನು ಜಗ್ಗಿದ ಪೆಟ್ಟೆಲ್ಲ ದಾರದ ಮೇಲೇ ಬೀಳುತ್ತದೆ ಎಂದ. ಮುಳಬಾಗಿಲಿನ ಬೆಟ್ಟದ ಕಡೆಗೆ ಹೋಗಿ ಒಳಗೆ ಪೊಳ್ಳಿಲ್ಲದ ಸಣ್ಣ ಗಂಡುಬಿದಿರು ತಂದ. ಗಿಣ್ಣುಗಳು ಒತ್ತಾಗಿರಬೇಕು, ಹುಳು ಕೊರೆದಿರಬಾರದು, ತುದಿ ಹಿಡಿದು ಬಗ್ಗಿಸಿ ಬಿಟ್ಟರೆ ನೆಟ್ಟಗೆ ನಿಲ್ಲಬೇಕು. ಹಾಗೆ ನೋಡಿ ನೋಡಿ ಆರಿಸಿದ್ದು. ನೆರಳಲ್ಲಿ ಒಣಗಿಸಿ, ಹರಳೆಣ್ಣೆ ಸವರಿ, ಕೆಂಡದ ಮೇಲೆ ಕಾಯಿಸಿ ಸೊಟ್ಟ ತೆಗೆದ. "ಹಿಡ್ಕೊಂಡು ನೋಡೇ, ಕೈಲಿ ಜೀವ ಇದ್ದಂಗೈತೆ" ಎಂದು ನನ್ನ ಕೈಗೆ ಕೊಟ್ಟ. ನಾನು ಒಂದು ಕ್ಷಣ ಹಿಡಿದು ಗೋಡೆಗೆ ಒರಗಿಸಿದೆ.

ಆ ಕೋಲಿಗೂ ಮೀನು ನಿಲ್ಲಲಿಲ್ಲ. ಆಮೇಲೆ ಕೋಲಾರದ ಸಂತೆಯಲ್ಲಿ ಒಬ್ಬನ ಹತ್ತಿರ ಹಿತ್ತಾಳೆಯ ರೀಲು ಕೊಂಡು ತಂದ. ವಿಲಾಯಿತಿಗೆ ವಾಪಸು ಹೋದ ಯಾರೋ ದೊರೆಯದಂತೆ. ಕೋಲಿನ ಬುಡಕ್ಕೆ ಅದನ್ನು ಬಿಗಿದು ದಾರ ಸುತ್ತಿದರೆ, ಮೀನು ಓಡಿದಾಗ ಕಿರ್ರ್ ಎಂದು ದಾರ ಬಿಡುತ್ತದೆ, ನಿಂತಾಗ ಹಿಡಿ ತಿರುಗಿಸಿ ಸುತ್ತಿಕೊಳ್ಳಬಹುದು. ಕೈಗೆ ದಾರ ಸುತ್ತುವ ಪ್ರಮೇಯವೇ ಇಲ್ಲ. ಆ ರೀಲು ಕಂಡು ನನ್ನ ಎದೆ ಅರ್ಧ ಹಗುರಾಯಿತು. ಇನ್ನರ್ಧಕ್ಕಾಗಿ ಸೋಡಾ ನೀರು ಇಡುವುದನ್ನು ಬಿಡಲಿಲ್ಲ.

ಊರಲ್ಲಿ ನಗುವವರು ಹುಟ್ಟಿಕೊಂಡರು. ಅಜ್ಜಿ, "ಕೆರೆಯಮ್ಮ ಮುನಿಸ್ಕೊಂಡವ್ಳೆ, ಒಂದು ಕೋಳಿ ಕೊಡೋ" ಎಂದರು. ಮಾವ ಜಗಲಿಯ ಮೇಲೆ ಕುಳಿತು ಹರಿದ ತುದಿಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದ.

"ವಿಚಿತ್ರ ಕಣೇ. ಪ್ರತಿ ಸಲಾನೂ ಒಂದೇ ಕಡೆ ಹರೀತೈತೆ."

ನಾನು ಒಲೆಯ ಕಡೆ ತಿರುಗಿ ಬೂದಿ ಕೆದಕಿದೆ. ಆಗ ನನಗಿದ್ದದ್ದು ಎರಡು ಭಯ. ನೀರಿನದು ಒಂದು, ಅವನ ಕಣ್ಣಿನದು ಇನ್ನೊಂದು. ಮಾವ ಕೆಟ್ಟವನಲ್ಲ, ಆದರೆ ಸಿಟ್ಟು ಬಂದರೆ ಮನುಷ್ಯನಲ್ಲ. ಒಮ್ಮೆ ಎಳೆ ಪದೇ ಪದೇ ತುಂಡಾಯಿತೆಂದು ಚರಕದ ಹಿಡಿಯನ್ನೇ ಮುರಿದು ಎಸೆದಿದ್ದ.

ಮಳೆ ಬಂದು ಕೆರೆ ತುಂಬಿದ ವರ್ಷ. ಒಂದು ಸಂಜೆ ಮಾವ ಎದೆಯವರೆಗೂ ಒದ್ದೆಯಾಗಿ ಮನೆಗೆ ಬಂದ. ಅಂಗಿಗೆ ಕೆಸರು ಮೆತ್ತಿತ್ತು.

"ಇದೇನ್ ಮಾವ, ಬಿದ್ದೆಯಾ?"

"ಬೀಳ್ಲಿಲ್ಲ, ನಾನೇ ಇಳಿದೆ. ದಾರ ತಾಳಲ್ಲ ಕಣೇ, ಎಳೆದ್ರೆ ಹರೀತೈತೆ. ಅದಕ್ಕೇ ಎಳೆಯೋದೇ ಬಿಟ್ಬಿಟ್ಟೆ. ಮೀನು ಎತ್ತ ಹೋದ್ರೆ ಅತ್ತ ನಾನೂ ಹಿಂದೆ ಹೋಗ್ತೀನಿ, ಅದು ಸುಸ್ತಾಗೋವರ್ಗೂ. ಇವತ್ತು ಇನ್ನೊಂದ್ ಹೆಜ್ಜೆ ಇಟ್ಟಿದ್ರೆ ಸಿಕ್ಕೇಬಿಡ್ತಿತ್ತು."

ಅವನು ಬಟ್ಟೆ ಬದಲಿಸಲು ಒಳಗೆ ಹೋದ. ಅವನನ್ನು ನೀರಿನಿಂದ ಕಾಯಲೆಂದು ನಾನು ಕೆಡಿಸಿದ ದಾರವೇ ಅವನನ್ನು ನೀರಿಗೆ ಇಳಿಸುತ್ತಿತ್ತು. ದಾರ ಗಟ್ಟಿಯಿದ್ದಿದ್ದರೆ ಅವನು ದಡದಲ್ಲೇ ನಿಂತಿರುತ್ತಿದ್ದ.

ಅಂದೇ ಹೇಳಬೇಕಿತ್ತು. ಊಟ ಬಡಿಸುವಾಗ ಹೇಳೋಣವೆಂದುಕೊಂಡೆ, ಆಗಲಿಲ್ಲ. ಗಟ್ಟಿಯಾದ ತುದಿದಾರ ಹೊಸೆದು ಸದ್ದಿಲ್ಲದೆ ಬದಲಿಸಿಬಿಡೋಣ, ಯಾರಿಗೂ ತಿಳಿಯುವುದಿಲ್ಲ ಎಂದು ಹೇಡಿ ಮನಸ್ಸು ಹೇಳಿತು. ಬೆಳಿಗ್ಗೆ ಎದ್ದು ಕಂಬಕ್ಕೆ ಎಳೆ ಕಟ್ಟುವಷ್ಟರಲ್ಲಿ ಗೋಡೆಗೆ ಒರಗಿಸಿದ್ದ ಕೋಲುಗಳೆರಡೂ ಇರಲಿಲ್ಲ. "ಆಗ್ಲೇ ಹೋದ್ನಲ್ಲ" ಎಂದರು ಅಜ್ಜಿ. ಕೈಯಲ್ಲಿದ್ದ ನೂಲನ್ನು ನೆಲಕ್ಕೆ ಹಾಕಿ ಓಡಿದೆ.

ಏರಿ ಹತ್ತಿದಾಗ ರೀಲಿನ ಸದ್ದು ಮೊದಲು ಕೇಳಿಸಿತು. ಮಾವ ದಡದಿಂದ ಎಷ್ಟೋ ಒಳಗೆ, ಎದೆಯುದ್ದ ನೀರಿನಲ್ಲಿದ್ದ. ಕೋಲು ಬಿಲ್ಲಿನಂತೆ ಬಾಗಿತ್ತು. ಅವನು ನಿಧಾನವಾಗಿ ಒಂದೊಂದೇ ಹೆಜ್ಜೆ ಮುಂದಿಡುತ್ತಿದ್ದ. ಕೆರೆಯಂಗಳದಲ್ಲಿ ಮಣ್ಣು ತೋಡಿದ ಗುಂಡಿಗಳಿದ್ದವು. ಬೇಸಿಗೆಯಲ್ಲಿ ನಾವೇ ಅಲ್ಲಿಂದ ಹೊಲಕ್ಕೆ ಗೋಡುಮಣ್ಣು ಹೊತ್ತಿದ್ದೆವು. ನೀರು ತುಂಬಿದ ಮೇಲೆ ಅವು ಎಲ್ಲಿವೆ ಎಂದು ಯಾರಿಗೆ ಗೊತ್ತು?

"ಮಾವಾ! ಬಾ ಈಚೆ!"

ಅವನು ತಿರುಗಲಿಲ್ಲ. ಇನ್ನೊಂದು ಹೆಜ್ಜೆ ಇಟ್ಟ. ಗಲ್ಲದವರೆಗೂ ಮುಳುಗಿ, ಕೋಲನ್ನು ಮಾತ್ರ ಮೇಲೆತ್ತಿ ಹಿಡಿದು ಉಸಿರಿಗೆ ಒದ್ದಾಡಿದ. ಕಾಲು ಕೆಸರಿನಲ್ಲಿ ಹೂತಿತ್ತು. ಬೇಲಿಯ ಹಳೆಯ ಬಿದಿರುಕೋಲು ದಡದಲ್ಲಿ ಬಿದ್ದಿತ್ತು. ಅದನ್ನು ಹಿಡಿದು ಸೊಂಟದುದ್ದ ನೀರಿಗೆ ಇಳಿದು ಅವನ ಕಡೆ ಚಾಚಿದೆ. ನನಗೂ ಈಜು ಬಾರದು. ಕಾಲಡಿಯ ಕೆಸರು ಮೆಲ್ಲಗೆ ನನ್ನನ್ನೂ ಕೆಳಗೆ ಎಳೆಯುತ್ತಿತ್ತು.

"ಆ ಕೋಲು ಬಿಡು, ಇದನ್ನ ಹಿಡ್ಕೋ!"

"ಮೀನೈತೆ ಕಣೇ, ದೊಡ್ಡದು..." ಬಾಯಿಗೆ ನೀರು ನುಗ್ಗಿ ಕೆಮ್ಮಿದ.

"ಅದು ನಿಲ್ಲಲ್ಲ ಮಾವ! ದಾರ ಸತ್ತೋಗೈತೆ, ನಾನೇ ಸೋಡಾ ಹಾಕಿ ಸಾಯ್ಸಿದ್ದು! ಜಗ್ಗು, ಹರೀತೈತೆ!"

ಅವನು ನನ್ನ ಮುಖ ನೋಡಿದ. ಆ ನೋಟ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಆಮೇಲೆ ರೀಲನ್ನು ಹೆಬ್ಬೆರಳಿನಿಂದ ಒತ್ತಿ ಕೋಲನ್ನು ಹಿಂದಕ್ಕೆ ಜಗ್ಗಿದ. ದಾರ ಹರಿಯಿತು. ಬಿದಿರಿನ ತುದಿಗೆ ಅವನ ಇನ್ನೊಂದು ಕೈ ಬಿತ್ತು. ನಾನು ಹಿಂದಕ್ಕೆ ವಾಲಿ, ಬಿದ್ದು, ಎದ್ದು, ಹೇಗೆ ಎಳೆದೆನೋ ಕಾಣೆ. ಇಬ್ಬರೂ ದಡದ ಜೇಡಿಯಲ್ಲಿ ಬಂದು ಬಿದ್ದೆವು.

ಕೆಮ್ಮು ನಿಂತ ಮೇಲೆ ಅವನು ಕೇಳಿದ, "ಏನಂದೆ ಆಗ?"

ಎಲ್ಲವನ್ನೂ ಹೇಳಿದೆ. ಭಾವನ ಮಣಿಕಟ್ಟು, ನಾಲ್ಕು ಸುತ್ತು, ಕುಡುಗೋಲು. ಬಾಯಿ ತೆರೆದದ್ದು ಅದೇ ಮೊದಲು. ಮಾವ ನೀರಿನ ಕಡೆ ನೋಡುತ್ತ ಕೇಳಿಸಿಕೊಂಡ.

"ನಿನ್ ಅಕ್ಕಂಗೆ ಗೊತ್ತಾ?"

"ಇಲ್ಲ."

"ಇಷ್ಟ್ ದಿನ ನನ್ ಎದುರೇ ಕೂತು ಮೇಣ ತೀಡ್ದಲ್ಲೇ" ಎಂದು ಎದ್ದು ಮುಂದೆ ನಡೆದ.

ಎಂಟು ದಿನ ನನ್ನೊಡನೆ ಮಾತಾಡಲಿಲ್ಲ. ಅಜ್ಜಿ ಬಡಿಸಿದರೆ ಮಾತ್ರ ಉಂಡ. ಕೂಗಾಡಿದ್ದರೆ ತಾಳುತ್ತಿದ್ದೆ. ತವರಿಗೆ ಕಳಿಸುತ್ತಾನೋ, ನನಗೆ ಹೇಳದೆ ಇನ್ನೊಂದು ಕೆರೆಗೆ ಹೋಗುತ್ತಾನೋ ಎಂದು ದಿನವೆಲ್ಲ ಅವನ ಕಾಲಿನ ಸದ್ದಿಗೇ ಕಿವಿಗೊಟ್ಟಿರುತ್ತಿದ್ದೆ.

ಒಂಬತ್ತನೆಯ ದಿನ ಚಪ್ಪರದ ತೊಲೆಗೆ ರೇಷ್ಮೆದಾರ ಕಟ್ಟಿ, ಕೆಳಗೆ ಒಂದು ಖಾಲಿ ಬುಟ್ಟಿ ನೇತುಹಾಕಿ ನನ್ನನ್ನು ಕರೆದ. ಪಕ್ಕದಲ್ಲಿ ಕಲ್ಲಿನ ರಾಶಿಯಿತ್ತು.

"ಕಲ್ಲು ಹಾಕು. ಎಷ್ಟಕ್ಕೆ ಹರಿದ್ರೆ ನಿಂಗೆ ಸಮಾಧಾನ, ಹೇಳು. ಅಷ್ಟೇ ಗಟ್ಟಿ ದಾರ ಇಟ್ಕೊಳ್ಳಾಣ."

ನಾನು ಒಂದೊಂದೇ ಕಲ್ಲು ಹಾಕಿದೆ. ಯಾವ ಕಲ್ಲಿಗೆ ಸಾಕೆನ್ನಬೇಕೋ ತಿಳಿಯಲಿಲ್ಲ. ಎರಡು ಹುರಿಯದು ಸಾಕೆಂದೆ. ಅದು ಜೊಂಡಿನಿಂದ ಮೀನನ್ನು ಬಿಡಿಸಲಾರದು, ಮತ್ತೆ ನೀರಿಗೇ ಇಳಿಯಬೇಕಾಗುತ್ತದೆ ಎಂದು ಅವನು ವಿವರಿಸಿದ. ಕೊನೆಗೆ ತುಂಬಿದ ಬಿಂದಿಗೆಯನ್ನು ಎತ್ತುವ, ಆದರೆ ಗಂಡಸೊಬ್ಬ ಮೈಭಾರ ಬಿಟ್ಟರೆ ತುಂಡಾಗುವ ದಾರಕ್ಕೆ ಇಬ್ಬರೂ ಒಪ್ಪಿದೆವು. ಇನ್ನೂ ಎರಡು ಮೊಳ ಉದ್ದದ ಕೋಲು ಶ್ರೀನಿವಾಸಪುರದ ಕಡೆಯಿಂದ ಬಂತು, ದಡದಲ್ಲೇ ನಿಂತು ಜೊಂಡಿನ ಆಚೆಗೆ ಗಾಳಕ್ಕೆ ಸಿಕ್ಕಿಸಿದ ಕಪ್ಪೆ ಇಳಿಬಿಡಲೆಂದು. ಸೊಂಟಕ್ಕೆ ಒಂದು ಚಾಕು. ನೀರು ಮೊಣಕಾಲು ದಾಟಬಾರದು ಎಂಬ ಮಾತು. ನಾನು ಜೊತೆಗೆ ಹೋಗಿ ಏರಿಯ ಮೇಲೆ ಕೂರುವುದು.

ಹಾಗೆ ಕೂತಿದ್ದ ಒಂದು ಬೆಳಿಗ್ಗೆ ಮಾವ ನನ್ನನ್ನು ಕೆಳಗೆ ಕರೆದು ಕೋಲನ್ನು ಕೈಗೆ ಕೊಟ್ಟ. "ಕಪ್ಪೆ ನೀರಲ್ಲೈತೆ, ಒಂದ್ ಗಳಿಗೆ ಹಿಡ್ಕೋ, ಇನ್ನೊಂದೆರಡು ಕಪ್ಪೆ ತರ್ತೀನಿ." ಅವನು ಹತ್ತು ಹೆಜ್ಜೆ ಹೋಗಿರಲಿಲ್ಲ, ಜೊಂಡು ಅಲುಗಿತು. ನೀರು ಒಡೆದ ಸದ್ದಾಯಿತು. ಕೋಲು ಬಗ್ಗಿ ರೀಲು ಕಿರುಚಿತು. ದಾರದ ಉದ್ದಕ್ಕೂ ಹರಿದು ಬಂದ ಆ ಎಳೆತ ನನ್ನ ಭುಜದವರೆಗೂ ನಡುಗಿಸಿತು. ಬಿಟ್ಟುಬಿಡಬಹುದಿತ್ತು. ಬಿಡಲಿಲ್ಲ. ಬಿಡಬೇಕೆಂದು ಅನ್ನಿಸಲೇ ಇಲ್ಲ. ಮಾವ ಓಡಿ ಬಂದು ಭುಜ ಹಿಡಿದು, "ಎಲ್ಲಿಗ್ ಹೋಗ್ತಾ ಇದ್ದೀಯೇ?" ಎಂದು ಕೂಗಿದಾಗ ಕೆಳಗೆ ನೋಡಿದೆ. ನೀರು ನನ್ನ ತೊಡೆಯ ಮೇಲಕ್ಕೆ ಬಂದಿತ್ತು. ನಾನು ಯಾವಾಗ ಇಳಿದೆನೋ ನನಗೇ ಗೊತ್ತಿಲ್ಲ.

ಮೀನನ್ನು ಅವನೇ ದಡಕ್ಕೆ ತಂದ. ಕಪ್ಪು ಬೆನ್ನಿನ, ಮೊಳಕ್ಕೂ ಉದ್ದದ ಕೊರಮೀನು. ಅಜ್ಜಿ ಹುಣಸೆಹುಳಿ ಹಿಂಡಿ ಸಾರು ಮಾಡಿದರು, ಮುದ್ದೆಯ ಜೊತೆ ಎಲ್ಲರೂ ಉಂಡೆವು. ತುತ್ತು ಎತ್ತುವಾಗಲೂ ಆ ಎಳೆತ ನನ್ನ ಕೈಯಲ್ಲೇ ಇತ್ತು, ಇನ್ನೊಮ್ಮೆ ಹಿಡಿದರೆ ನಾನೂ ಭಾವನ ಹಾಗೆ ಬಿಡಲಾರೆನೆಂದು ಗೊತ್ತಾಯಿತು. ಅಂದಿನಿಂದ ನಾನು ಕೋಲು ಮುಟ್ಟಲಿಲ್ಲ.